ಯೊರ್ಗೆನ್ಸನ್ನರ ನೇವಾರಿ ನಿಘಂಟನ್ನು ಪದಪಟ್ಟಿ ಮಾಡಬೇಡಿ: ಒಂದು ಬಹಿರಂಗ ಪತ್ರ

ಹಳೆಯ ನಿಘಂಟುಗಳನ್ನೂ ಹಸ್ತಪ್ರತಿ ಪಟ್ಟಿಗಳನ್ನೂ ಅಂತರ್ಜಾಲಕ್ಕೆ ಏರಿಸುವ ಕೆಲಸ ಹೊತ್ತಿರುವ ಸಂಸ್ಥೆಗಳ ಮುಖ್ಯಸ್ಥರಿಗೆ, ಆ ಕೆಲಸಕ್ಕೆ ಹಣ ಮಂಜೂರು ಮಾಡುವವರಿಗೆ, ಮತ್ತು ಸ್ಕ್ಯಾನರ್ ಮುಂದೆ ಕೂತು ನಿಜವಾಗಿ ಕೆಲಸ ಮಾಡುವವರಿಗೆ,

ಮಾನ್ಯರೇ,

1936ರಲ್ಲಿ ಕೋಪನ್‌ಹೇಗನ್ನಿನ ರಾಯಲ್ ಡ್ಯಾನಿಶ್ ಅಕಾಡೆಮಿ ಪ್ರಕಟಿಸಿದ ಒಂದು ಸಣ್ಣ ಪುಸ್ತಕದ ಪರವಾಗಿ ಈ ಪತ್ರ. ಹ್ಯಾನ್ಸ್ ಯೊರ್ಗೆನ್ಸನ್ ಎಂಬ ಡೆನ್ಮಾರ್ಕಿನ ವಿದ್ವಾಂಸರು ಕಟ್ಟಿದ, ನೇಪಾಳದ ಕಾಠ್ಮಂಡು ಕಣಿವೆಯ ಹಳೆಯ ನೇವಾರಿ ಭಾಷೆಯ ನಿಘಂಟು ಅದು. ಇನ್ನೂರು ಪುಟ ಕೂಡ ಮುಟ್ಟುವುದಿಲ್ಲ. ಇಂಥ ಪುಸ್ತಕ ಕೈಗೆ ಸಿಕ್ಕ ಕೂಡಲೇ ಎಲ್ಲರಿಗೂ ಹೊಳೆಯುವ ದಾರಿ ಒಂದೇ: ಸ್ಕ್ಯಾನ್ ಮಾಡು, ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್‌ಗೆ ಕೊಡು, ಎಡಗಡೆ ಪದ, ಬಲಗಡೆ ಇಂಗ್ಲಿಷ್ ಅರ್ಥ, ಮಿಕ್ಕಿದ್ದನ್ನು ಬಿಟ್ಟುಬಿಡು. ದಯವಿಟ್ಟು ಹಾಗೆ ಮಾಡಬೇಡಿ. ಆ ಮಿಕ್ಕಿದ್ದರಲ್ಲೇ ಈ ನಿಘಂಟಿನ ಬೆಲೆ ಇದೆ. ಪದ ಯಾವ ಹಸ್ತಪ್ರತಿಯಲ್ಲಿ ಬಂದಿದೆ, ಎಲ್ಲಿ ಬಂದಿದೆ, ಯಾವ ಯಾವ ರೂಪದಲ್ಲಿ ಬಂದಿದೆ ಎಂಬ ಗುರುತುಗಳನ್ನು ಕಿತ್ತು ಹಾಕಿದರೆ ಉಳಿಯುವುದು ಪದಪಟ್ಟಿ. ಅದನ್ನು ಯಾರೂ ಪರೀಕ್ಷಿಸಲು ಆಗದು, ಯಾರೂ ತಿದ್ದಲೂ ಆಗದು.

ಕಾಠ್ಮಂಡು ಕಣಿವೆಯ ಭಾಷೆಯ ಬಗ್ಗೆ ಕನ್ನಡದಲ್ಲಿ ಯಾಕೆ ಪತ್ರ ಎಂದು ಕೇಳುವವರಿಗೆ ಎರಡು ಮಾತು. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರಲ್ಲಿ ಹೆಚ್ಚಿನವರು ಕರ್ನಾಟಕದಿಂದ ಹೋದವರು. ಅವರ ಜೊತೆ ಸೇವೆಗೆ ನಿಲ್ಲುವ ಭಂಡಾರಿಗಳು ಅಲ್ಲಿನ ನೇವಾರರು, ಅಂದರೆ ಈ ಭಾಷೆಯ ಸಮುದಾಯದವರು. ಎರಡು ಭಾಷೆಗಳ ಒಡನಾಟ ಹೊಸದೇನಲ್ಲ. ಜೊತೆಗೆ, ಹಳೆಯ ನಿಘಂಟುಗಳನ್ನು ಯೂನಿಕೋಡಿಗೆ ತರುವ ಕೆಲಸದಲ್ಲಿ ಪಳಗಿದ ಕೈಗಳು ನಮ್ಮ ರಾಜ್ಯದಲ್ಲಿ ಸಾಕಷ್ಟಿವೆ. ಆ ಕೈಗಳಿಗೆ ಈ ಪುಸ್ತಕ ಒಂದು ದಿನ ಬಂದೇ ಬರುತ್ತದೆ.

ಮೊದಲು ಯೊರ್ಗೆನ್ಸನ್ನರ ಜಾಗ ಯಾವುದೆಂದು ಹೇಳಿಬಿಡೋಣ. ನೇವಾರಿಯನ್ನು ಅದನ್ನಾಡುವವರು ನೇಪಾಳ ಭಾಷೆ ಎನ್ನುತ್ತಾರೆ. ಟಿಬೆಟೊ-ಬರ್ಮನ್ ಕುಟುಂಬದ ಭಾಷೆ. ಮೈತುಂಬ ಸಂಸ್ಕೃತದ ಪದಗಳು, ಒಳಗಿನ ಕಟ್ಟು ಪೂರಾ ಬೇರೆ. 2021ರ ನೇಪಾಳ ಜನಗಣತಿಯಲ್ಲಿ 8,63,380 ಮಂದಿ ಇದನ್ನು ಮಾತೃಭಾಷೆ ಎಂದು ಬರೆಸಿದ್ದಾರೆ. ನೇವಾರರ ಒಟ್ಟು ಸಂಖ್ಯೆ 13,41,363. ನಡುವಿನ ಅಂತರ ನೋಡಿದರೆ ಭಾಷೆಯ ಸ್ಥಿತಿ ಗೊತ್ತಾಗುತ್ತದೆ.

ಈ ಭಾಷೆಯ ಪದಗಳು ಇಂಗ್ಲಿಷ್ ಓದುಗರಿಗೆ ತಲುಪಿದ್ದು ಬ್ರಿಟಿಷ್ ಅಧಿಕಾರಿಗಳ ದಾರಿಯಿಂದ. 1793ರಲ್ಲಿ ನೇಪಾಳಕ್ಕೆ ಹೋದ ಸೇನಾಧಿಕಾರಿ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಒಂದಿಷ್ಟು ನೇವಾರಿ ಪದಗಳನ್ನು ಕೊಟ್ಟ. 1820ರ ದಶಕದಿಂದ ಕಾಠ್ಮಂಡುವಿನಲ್ಲಿದ್ದು, 1833ರಿಂದ 1843ರವರೆಗೆ ಬ್ರಿಟಿಷರ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದ ಬ್ರಯನ್ ಹಾಟನ್ ಹಾಡ್ಜ್‌ಸನ್ ಕಾಠ್ಮಂಡುವಿನ ಪಕ್ಕದ ಊರು ಪಾಟನ್ನಿನ ಪಂಡಿತ ಅಮೃತಾನಂದರ ನೆರವಿನಿಂದ ಹಸ್ತಪ್ರತಿ ಕೂಡಿಸಿ ಕಲ್ಕತ್ತ, ಲಂಡನ್, ಪ್ಯಾರಿಸ್‌ಗಳಿಗೆ ಕಳಿಸಿದ. ಹಾಡ್ಜ್‌ಸನ್ ಹೆಸರು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ, ಅಮೃತಾನಂದರ ಹೆಸರು ಅಡಿಟಿಪ್ಪಣಿಯಲ್ಲಿ. ಅದು ಬೇರೆ ಜಗಳ. ವ್ಯಾಕರಣ ಎನ್ನಬಹುದಾದ ಮೊದಲ ಕೆಲಸ ಲೈಪ್‌ಜಿಗ್ಗಿನ ಔಗುಸ್ಟ್ ಕೊನ್ರಾಡಿಯದು, 1891ರಲ್ಲಿ. 1893ರಲ್ಲಿ ಅವರೇ ಒಂದು ಸಂಸ್ಕೃತ-ನೇವಾರಿ ಪದಕೋಶವನ್ನೂ ಪ್ರಕಟಿಸಿದರು. ಆಮೇಲೆ ಚೀನೀ ಭಾಷೆಯ ಕಡೆ ತಿರುಗಿದರು. ಕೊನ್ರಾಡಿ ಬಾಗಿಲು ತೆರೆದರು ಎನ್ನಬಹುದು, ಒಳಗೆ ಹೋಗಿ ಕೂತವರು ಯೊರ್ಗೆನ್ಸನ್.

ಅವರ ಕೆಲಸದ ಅನುಕ್ರಮವನ್ನು ಗಮನಿಸಿ. 1921ರಲ್ಲಿ ಜರ್ಮನ್ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಒಂದು ಲೇಖನ. 1931ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯಿಂದ 'ವಿಚಿತ್ರಕರ್ಣಿಕಾವದಾನೋದ್ಧೃತ' ಎಂಬ ಬೌದ್ಧ ಕಥೆಗಳ ನೇವಾರಿ ಪಠ್ಯ, ಅನುವಾದದ ಸಮೇತ. 1936ರಲ್ಲಿ ನಿಘಂಟು. 1939ರಲ್ಲಿ 'ಬತೀಸಪುತ್ರಿಕಾಕಥಾ', ಅಂದರೆ ವಿಕ್ರಮನ ಸಿಂಹಾಸನದ ಮೂವತ್ತೆರಡು ಗೊಂಬೆಗಳ ಕಥೆ; ನಮ್ಮಲ್ಲಿ ಬತ್ತೀಸ ಪುತ್ಥಳಿ ಕಥೆ ಎಂದು ಮನೆಮಾತಾದದ್ದೇ. ಕೊನೆಗೆ 1941ರಲ್ಲಿ ವ್ಯಾಕರಣ. ಪಠ್ಯ ಮೊದಲು, ಪದ ಆಮೇಲೆ, ನಿಯಮ ಕಟ್ಟಕಡೆಗೆ. ವ್ಯಾಕರಣದ ಪ್ರತಿ ಸೂತ್ರದ ಹಿಂದೆ ನಿಘಂಟು, ನಿಘಂಟಿನ ಪ್ರತಿ ಪದದ ಹಿಂದೆ ಹಸ್ತಪ್ರತಿಯ ಗರಿ. ಈ ಸರಪಳಿಯ ನಡುವಿನ ಕೊಂಡಿಯೇ ನಾವು ಕಿತ್ತುಹಾಕಬೇಡಿ ಎನ್ನುತ್ತಿರುವ ಗುರುತುಗಳು.

ಆ ವರ್ಷಗಳಲ್ಲಿ ಇನ್ನೊಂದು ಕಡೆ ನಡೆಯುತ್ತಿದ್ದದ್ದನ್ನೂ ನೆನಪಿಡಬೇಕು. ಆಗ ನೇಪಾಳವನ್ನಾಳುತ್ತಿದ್ದ ರಾಣಾ ಮನೆತನದ ಆಡಳಿತದಲ್ಲಿ ನೇಪಾಳ ಭಾಷೆಯಲ್ಲಿ ಬರೆದ ದಸ್ತಾವೇಜು ಕಚೇರಿಯಲ್ಲಿ ನಡೆಯುತ್ತಿರಲಿಲ್ಲ, ಪುಸ್ತಕ ಅಚ್ಚು ಹಾಕುವುದು ಅಪಾಯದ ಕೆಲಸ. 1928ರಲ್ಲಿ ಶುಕ್ರರಾಜ ಶಾಸ್ತ್ರಿಯವರ ವ್ಯಾಕರಣ ಅಚ್ಚಾದದ್ದು ಕಲ್ಕತ್ತದಲ್ಲಿ. ಯೊರ್ಗೆನ್ಸನ್ನರ ವ್ಯಾಕರಣ ನಾಜಿ ಜರ್ಮನಿ ಆಕ್ರಮಿಸಿಕೊಂಡಿದ್ದ ಡೆನ್ಮಾರ್ಕಿನಲ್ಲಿ ಹೊರಬಂದ 1941ರಲ್ಲಿ ಕವಿ ಚಿತ್ತಧರ ಹೃದಯ, ಕವಿ ಸಿದ್ಧಿಚರಣ ಶ್ರೇಷ್ಠ ಇಬ್ಬರೂ ಬರೆದ ತಪ್ಪಿಗೆ ಕಾಠ್ಮಂಡುವಿನ ಜೈಲಿನಲ್ಲಿದ್ದರು. ಹೊರಗಿನವರಿಗೆ ಕಣಿವೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಆದ್ದರಿಂದ ಯೊರ್ಗೆನ್ಸನ್ನರ ಆಧಾರ ಯುರೋಪಿನ ಗ್ರಂಥಾಲಯಗಳಿಗೆ ಆಗಲೇ ಬಂದು ಸೇರಿದ್ದ ಹಸ್ತಪ್ರತಿಗಳು. ಅವರ ನಿಘಂಟಿನ ಬಲವೂ ಮಿತಿಯೂ ಇಲ್ಲಿಂದಲೇ ಹುಟ್ಟಿದ್ದು. ಮಿತಿಯ ಮಾತು ಮುಂದೆ ಬರುತ್ತದೆ.

ಈಗ ಕೆಲಸದ ವಿಷಯ.

ಸ್ಕ್ಯಾನ್ ಮಾಡುವಾಗ ಕಪ್ಪು-ಬಿಳುಪು ಬೇಡ. ಗ್ರೇಸ್ಕೇಲಿನಲ್ಲಿ ಕನಿಷ್ಠ 400 ಡಿಪಿಐ ಇರಲಿ. ಕಾರಣ ಸರಳ. ಪುಸ್ತಕ ರೋಮನ್ ಲಿಪ್ಯಂತರದಲ್ಲಿದೆ. ಅಕ್ಷರದ ನೆತ್ತಿಯ ಮೇಲಿನ ಗೆರೆ, ಕೆಳಗಿನ ಚುಕ್ಕೆ ಎಲ್ಲವೂ ಕೂದಲೆಳೆಯಷ್ಟು. ಕಪ್ಪು-ಬಿಳುಪಿನಲ್ಲಿ ಸಾಫ್ಟ್‌ವೇರು ಹಳೆಯ ಕಾಗದದ ಕಲೆಯನ್ನು ಅಳಿಸುವಾಗ ಚುಕ್ಕೆಯನ್ನೂ ಅಳಿಸುತ್ತದೆ. ಣಕಾರ ನಕಾರವಾಗುತ್ತದೆ, ಅನುಸ್ವಾರ ಮಕಾರವಾಗುತ್ತದೆ, ದೀರ್ಘ ಹ್ರಸ್ವವಾಗುತ್ತದೆ. ಇಂಗ್ಲಿಷಿಗೆ ತರಬೇತಾದ ಓಸಿಆರ್ ಇದಕ್ಕೆ ಇನ್ನೊಂದು ಕೈ ಸೇರಿಸುತ್ತದೆ: ನೆತ್ತಿಯ ಗೆರೆಯನ್ನು ಫ್ರೆಂಚ್ ಅಥವಾ ಪೋರ್ಚುಗೀಸ್ ಅಕ್ಷರದ ಗುರುತಾಗಿ ಓದುತ್ತದೆ. ಪುಟ ನೋಡಲು ಚೊಕ್ಕವಾಗಿಯೇ ಇರುತ್ತದೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಒಂದು ಗೆರೆ ಹೋದರೆ ಏನಾದೀತು ಎಂದು ಕೇಳುವವರಿಗೆ ಈಗಿನ ಕಾಠ್ಮಂಡು ಮಾತಿನಿಂದಲೇ ಉದಾಹರಣೆ. 'ಜಿ ವನಾ' ಎಂದರೆ ನಾನು ಹೋದೆ. 'ವ ವನ' ಎಂದರೆ ಅವನು ಹೋದ. 'ಛ ವನ' ಎಂದರೆ ನೀನು ಹೋದೆ. ಇಷ್ಟು ನೋಡಿ ದೀರ್ಘ ಬಂದರೆ ಉತ್ತಮಪುರುಷ ಎಂದು ತೀರ್ಮಾನಿಸಿದರೆ ಕೆಟ್ಟಿರಿ. ಯಾಕೆಂದರೆ ಪ್ರಶ್ನೆ ಕೇಳುವಾಗ 'ಛ ವನಾ ಲಾ?' ಎನ್ನುತ್ತಾರೆ: ನೀನು ಹೋದೆಯಾ? ಅಲ್ಲಿ ಮಧ್ಯಮಪುರುಷಕ್ಕೂ ದೀರ್ಘ. ಮಾಡಿದವನಿಗೇ ಗೊತ್ತಿರುವ, ಬೇಕೆಂದು ಮಾಡಿದ ಕೆಲಸವನ್ನು ಅವನೇ ಹೇಳಿದರೂ ದೀರ್ಘ, ಅವನನ್ನೇ ಕೇಳಿದರೂ ದೀರ್ಘ. ಬೇಕೆಂದು ಮಾಡದ ಕೆಲಸಕ್ಕೆ ನಾನು ಎಂದರೂ ಹ್ರಸ್ವವೇ: ಬೇಕೆಂದು ನೋಡಿದರೆ 'ಸ್ವಯಾ', ತಾನಾಗಿ ಕಣ್ಣಿಗೆ ಕಂಡರೆ 'ಖನ'. ಇನ್ನೂ ಸೂಕ್ಷ್ಮ ಇರುವುದು ವರದಿ ಮಾಡುವ ಮಾತಿನಲ್ಲಿ. ಅವನು ಹೋದನೆಂದು ಅವನು ಹೇಳಿದ ಎಂಬ ವಾಕ್ಯದಲ್ಲಿ ಒಳಗಿನ ಕ್ರಿಯಾಪದ 'ವನಾ' ಆದರೆ ಹೋದವನೂ ಹೇಳಿದವನೂ ಒಬ್ಬನೇ. 'ವನ' ಆದರೆ ಹೋದವನು ಬೇರೆ ಯಾರೋ. ಕನ್ನಡಿಗರಿಗೆ ಇದು ತೀರಾ ಹೊಸತಲ್ಲ. 'ಅವನು ತಾನು ಬರ್ತೀನಿ ಅಂದ' ಎನ್ನುವಾಗ ಮಾತಾಡುತ್ತಿರುವ ನಾವು ಬರುವುದಿಲ್ಲ, ಆದರೂ ಕ್ರಿಯಾಪದ ನಾನು ಎಂಬಂತೆ ನಿಲ್ಲುತ್ತದೆ. ನಮ್ಮಲ್ಲಿ ಅದು ವಾಕ್ಯದ ಒಂದು ಮೂಲೆಯಲ್ಲಿದೆ, ಅವರಲ್ಲಿ ಇಡೀ ಕ್ರಿಯಾಪದ ವ್ಯವಸ್ಥೆಯನ್ನೇ ಆಳುತ್ತದೆ. ಭಾಷಾವಿಜ್ಞಾನಿ ಆಸ್ಟಿನ್ ಹೇಲ್ 1970ರ ದಶಕದಿಂದ ಬರೆದು, 1980ರಲ್ಲಿ ವಿವರವಾಗಿ ಮಂಡಿಸಿದ ಮೇಲೆ ಜಗತ್ತಿನ ಭಾಷಾವಿಜ್ಞಾನಿಗಳೆಲ್ಲ ನೇವಾರಿಯ ಕಡೆ ತಿರುಗಿದ್ದು ಇದೇ ಕಾರಣಕ್ಕೆ. ಹಳೆಯ ಭಾಷೆಯಲ್ಲಿ ಇದು ಎಷ್ಟರ ಮಟ್ಟಿಗೆ ಹೀಗೇ ಇತ್ತು ಎಂದು ನೋಡಬೇಕಾದರೆ ಹಸ್ತಪ್ರತಿಯ ವಾಕ್ಯಕ್ಕೇ ಹೋಗಬೇಕು. ದಾರಿ ಯೊರ್ಗೆನ್ಸನ್ನರ ಉಲ್ಲೇಖ. ರೋಮನ್ನಿನಲ್ಲಿ ಇಷ್ಟೆಲ್ಲವನ್ನೂ ಹೊತ್ತಿರುವುದು ಕೊನೆಯ ಸ್ವರದ ನೆತ್ತಿಯ ಮೇಲಿನ ಒಂದು ಗೆರೆ.

ಆದ್ದರಿಂದ ಓಸಿಆರ್ ಫಲಿತಾಂಶವನ್ನು ಮೂಲ ಎಂದು ನಂಬಬೇಡಿ. ಇಬ್ಬರು ಬೇರೆ ಬೇರೆ ಕೂತು ಒಂದೇ ಪುಟವನ್ನು ಕೈಯಿಂದ ಟೈಪ್ ಮಾಡಲಿ, ಎರಡನ್ನೂ ಯಂತ್ರ ಹೋಲಿಸಲಿ, ವ್ಯತ್ಯಾಸ ಬಂದ ಜಾಗವನ್ನು ಮೂರನೆಯವರು ಪುಟದ ಚಿತ್ರ ನೋಡಿ ತೀರ್ಮಾನಿಸಲಿ. ಪುಸ್ತಕ ಸಣ್ಣದು, ಇದು ಆಗದ ಕೆಲಸವಲ್ಲ. ಟೈಪ್ ಮಾಡುವವರಿಗೆ ನೇವಾರಿ ಬರಬೇಕೆಂದೇನೂ ಇಲ್ಲ. ಸ್ವಲ್ಪ ಬರುವವರಿಗಿಂತ ಬಾರದವರೇ ವಾಸಿ, ತಮಗೆ ಸರಿಕಂಡಂತೆ ತಿದ್ದಲು ಹೋಗುವುದಿಲ್ಲ. ಶುರುವಿಗೆ ಮುನ್ನ ಒಂದು ನಿಯಮ ಮಾತ್ರ ಗಟ್ಟಿ ಮಾಡಿಕೊಳ್ಳಿ: ಚುಕ್ಕೆ ಇರುವ ಅಕ್ಷರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಅಕ್ಷರ ಬೇರೆ ಚುಕ್ಕೆ ಬೇರೆ ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹುಡುಕುವಾಗ ಒಂದಕ್ಕೊಂದು ಸಿಗುವುದಿಲ್ಲ. ಎಲ್ಲವನ್ನೂ ಎನ್‌ಎಫ್‌ಸಿ ಎಂಬ ರೂಪಕ್ಕೆ, ಅಂದರೆ ಸಾಧ್ಯವಾದಲ್ಲೆಲ್ಲ ಒಂದೇ ಸಂಕೇತವಾಗಿ ಬರೆಯುವ ಕ್ರಮಕ್ಕೆ, ತಂದೇ ಉಳಿಸಿ.

ಇನ್ನು ಕಾಗುಣಿತ. ಹಿಂದೆ ಕಣಿವೆಯನ್ನಾಳಿದ ಮಲ್ಲ ಅರಸರ ಕಾಲದ ಲಿಪಿಕಾರರು ಕಾಗುಣಿತದ ವಿಷಯದಲ್ಲಿ ಧಾರಾಳಿಗಳು. ರ ಮತ್ತು ಲ ಅದಲುಬದಲಾಗುತ್ತವೆ: ಆಯಿತು ಎನ್ನಲು ಒಬ್ಬ 'ಜುರೊ' ಎಂದರೆ ಇನ್ನೊಬ್ಬ 'ಜುಲೊ'. ಒಕಾರ ಮತ್ತು ವಕಾರ ಒಂದರ ಜಾಗದಲ್ಲಿ ಇನ್ನೊಂದು: ಬರೆ ಎಂಬ ಧಾತು 'ಚೋಯ' ಎಂದೂ 'ಚ್ವಯ' ಎಂದೂ. ಎಕಾರಕ್ಕೂ ಯಕಾರಕ್ಕೂ ಅದೇ ನಂಟು. ಶ, ಷ, ಸ ಮೂರಕ್ಕೂ ಭೇದವಿಲ್ಲ. ನ ಮತ್ತು ಣ, ಬ ಮತ್ತು ವ, ಯ ಮತ್ತು ಜ ಕೂಡ ಹಾಗೆಯೇ. ಉಸಿರು ಬೆರೆತ ಮಕಾರವನ್ನು ಈಗ 'ಮ್ಹ' ಎಂದು ಬರೆದರೆ ಹಳೆಯ ಗರಿಗಳಲ್ಲಿ 'ಹ್ಮ' ಎಂದು ತಿರುಗಿ ಕೂತಿರುತ್ತದೆ. ಇವನ್ನೆಲ್ಲ ಸರಿಪಡಿಸಿ ಒಂದೇ ರೂಪ ಇಡೋಣ ಎನ್ನುವ ಚಪಲ ಎಲ್ಲರಿಗೂ ಬರುತ್ತದೆ. ಮಾಡಿದರೆ ಹಾಳು. ಯಾವ ಕಾಲದಲ್ಲಿ, ಯಾವ ಊರಿನ ಲಿಪಿಕಾರ ಹೇಗೆ ಬರೆದ ಎಂಬ ಸಾಕ್ಷ್ಯ ಅಳಿದುಹೋಗುತ್ತದೆ. ಉಚ್ಚಾರಣೆಯ ಚರಿತ್ರೆ ಬರೆಯಲು ನಮಗಿರುವುದು ಅದೊಂದೇ.

ಮಾಡಬೇಕಾದದ್ದು ಇಷ್ಟು. ಯೊರ್ಗೆನ್ಸನ್ ಕೊಟ್ಟ ರೂಪವನ್ನು ಅಕ್ಷರ ಬಿಡದೆ ಒಂದು ಕಾಲಮ್ಮಿನಲ್ಲಿಡಿ, ಅದನ್ನು ಯಾರೂ ಮುಟ್ಟುವಂತಿಲ್ಲ. ಓದುಗರಿಗೆ ಕಾಣದ ಇನ್ನೊಂದು ಕಾಲಮ್ಮಿನಲ್ಲಿ ಹುಡುಕಾಟದ ಕೀಲಿ ಇರಲಿ. ಕೀಲಿಯಲ್ಲಿ ಮೂರು ಸಕಾರಗಳೂ ಒಂದಾಗಲಿ, ನ-ಣ ಒಂದಾಗಲಿ, ಬ-ವ ಒಂದಾಗಲಿ, ಹ್ಮ-ಮ್ಹ ಒಂದಾಗಲಿ, ಎ-ಯ ಮತ್ತು ಒ-ವ ಒಂದಾಗಲಿ. ರ-ಲ ಮಾತ್ರ ಮೊದಲ ಸುತ್ತಿನಲ್ಲಿ ಬೇರೆಯಾಗಿಯೇ ಇರಲಿ. ಅದನ್ನೂ ಸೇರಿಸಿದರೆ ಒಂದು ಪದ ಕೇಳಿದವನ ಮುಂದೆ ಸಂಬಂಧವಿಲ್ಲದ ಇಪ್ಪತ್ತು ಬಂದು ನಿಲ್ಲುತ್ತವೆ. ಏನೂ ಸಿಗದಿದ್ದಾಗ ಎರಡನೇ ಸುತ್ತಿನಲ್ಲಿ ಅದನ್ನು ತೆರೆದರೆ ಸಾಕು. ಹಳಗನ್ನಡದ ಶಾಸನಪದಗಳನ್ನು ಹುಡುಕುವವರಿಗೆ ಇಂಥ ಕೀಲಿಯ ಬೆಲೆ ವಿವರಿಸಬೇಕಿಲ್ಲ.

ಅಕಾರಾದಿ ಕ್ರಮದ ಬಗ್ಗೆಯೂ ಎಚ್ಚರ. ಕಂಪ್ಯೂಟರಿಗೆ ಬಿಟ್ಟರೆ ರೋಮನ್ ಅಕ್ಷರಗಳನ್ನು ಇಂಗ್ಲಿಷ್ ಕ್ರಮದಲ್ಲಿ ಜೋಡಿಸಿ, ದೀರ್ಘವನ್ನೆಲ್ಲ ಎಲ್ಲೋ ಕೊನೆಗೆ ತಳ್ಳುತ್ತದೆ. ಅಚ್ಚಿನ ಪುಟ ಸಂಖ್ಯೆ, ಆ ಪುಟದಲ್ಲಿ ಪದದ ಸ್ಥಾನ, ಎರಡನ್ನೂ ಸಂಖ್ಯೆಯಾಗಿ ದಾಖಲಿಸಿಬಿಡಿ. ಕ್ರಮ ಯಾವಾಗ ಕೆಟ್ಟರೂ ಮೂಲಕ್ಕೆ ಮರಳಬಹುದು.

ಕ್ರಿಯಾಪದಗಳಲ್ಲಿ ಇನ್ನೊಂದು ತೊಡಕು. ಗರಿಯಲ್ಲಿ 'ನಲ' ಎಂದು ಕಂಡವನು ತಿನ್ನು ಎಂಬ ಅರ್ಥದ 'ನಯೆ'ಗೆ ಹೇಗೆ ತಲುಪಬೇಕು? 'ಯಾತ' ಕಂಡವನು ಮಾಡು ಎಂಬ 'ಯಾಯೆ'ಗೆ? ನೇವಾರಿ ಧಾತುಗಳು ಗುಂಪುಗಳಾಗಿ ಒಡೆಯುತ್ತವೆ. ಕೆಲವು ಭೂತಕಾಲದಲ್ಲಿ ನಕಾರ ಉಳಿಸಿಕೊಳ್ಳುತ್ತವೆ: ವನೆ, ವನ. ಕೆಲವಕ್ಕೆ ಲಕಾರ: ಬಿಯೆ, ಬಿಲ, ಕಾಯೆ, ಕಾಲ, ಧಾಯೆ, ಧಾಲ. ಕೆಲವಕ್ಕೆ ತಕಾರ: ಯಾಯೆ, ಯಾತ. ಆದ್ದರಿಂದ ಪ್ರತಿ ಧಾತುವಿಗೂ ಗುಂಪಿನ ಗುರುತು ಹಾಕುವ ಕಾಲಮ್ ಬೇಕು. ಆ ಗುರುತನ್ನು 1941ರ ವ್ಯಾಕರಣ ನೋಡಿ ತುಂಬಬಹುದು. ತುಂಬಿದವರು ಯಾರು, ಯಾವ ಆಧಾರದಿಂದ ಎಂದೂ ಬರೆಯಿರಿ. 1936ರ ಮಾತು ಯಾವುದು, ಈಗ ನೀವು ಸೇರಿಸಿದ್ದು ಯಾವುದು ಎಂಬ ಗೆರೆ ಓದುಗನಿಗೆ ಸದಾ ಕಾಣುತ್ತಿರಬೇಕು.

ಎಣಿಕೆಯ ಪದಗಳೂ ಹೀಗೇ ಕೈಕೊಡುತ್ತವೆ. ನೇವಾರಿಯಲ್ಲಿ ಬರೀ ಒಂದು, ಎರಡು ಎನ್ನುವಂತಿಲ್ಲ. ಸಂಖ್ಯೆಗೆ ವಸ್ತುವಿನ ಜಾತಿ ಹೇಳುವ ಬಾಲ ಬೇಕು. ಜೀವ ಇರುವವಕ್ಕೆ 'ಮ್ಹ', ಸಾಮಾನ್ಯ ವಸ್ತುವಿಗೆ 'ಗು', ಮನೆಗೆ 'ಖಾ', ಗಿಡಮರಕ್ಕೆ 'ಮಾ', ಹೂವಿಗೆ 'ಫ್ವಃ'. ಹಸ್ತಪ್ರತಿಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ನಮ್ಮ ಓಲೆಗರಿಗಳ ಹಾಗೆಯೇ. ಅಂದಮೇಲೆ ಎಲ್ಲಿ ಪದ ಮುಗಿಯಿತು, ಎಲ್ಲಿ ಬಾಲ ಶುರುವಾಯಿತು ಎಂಬುದು ಸಂಪಾದಕನ ತೀರ್ಮಾನ. ಯೊರ್ಗೆನ್ಸನ್ನರ ಪದವಿಭಜನೆಯನ್ನು ಹಸ್ತಪ್ರತಿಯ ಸಾಕ್ಷ್ಯ ಎಂದು ಯಂತ್ರಕ್ಕೆ ಕಲಿಸಬೇಡಿ.

ಉಲ್ಲೇಖಗಳಿಗೆ ಬರೋಣ. ನಿಘಂಟಿನಲ್ಲಿ ಹಸ್ತಪ್ರತಿಗಳ ಹೆಸರು ಸಂಕೇತಾಕ್ಷರಗಳಲ್ಲಿದೆ. ಸಂಕೇತಾಕ್ಷರ ಒಂದು ಕಾಲಮ್, ಸ್ಥಳದ ಅಂಕಿ ಇನ್ನೊಂದು, ಇಂದು ಆ ಹಸ್ತಪ್ರತಿ ಇರುವ ಗ್ರಂಥಾಲಯದ ಸಂಖ್ಯೆ ಮೂರನೆಯದು. ಮೂರನೆಯ ಕಾಲಮ್ ತುಂಬುವುದೇ ನಿಜವಾದ ದುಡಿಮೆ. ಸಂಗ್ರಹಗಳ ಸಂಖ್ಯೆ ಬದಲಾಗಿರುತ್ತದೆ, ಕಟ್ಟುಗಳು ಬೇರೆಯಾಗಿರುತ್ತವೆ. ಆದರೆ ಅದು ತುಂಬಿದ ದಿನ ಓದುಗ ಪದದ ಮೇಲೆ ಒತ್ತಿ ಗರಿಯ ಚಿತ್ರವನ್ನೇ ನೋಡಬಹುದು. ಒಂದು ಪದಕ್ಕೆ ಹತ್ತು ಉಲ್ಲೇಖಗಳಿದ್ದರೆ ಹತ್ತು ಸಾಲು ಮಾಡಿ; ಒಂದೇ ಕೋಶದಲ್ಲಿ ಅಲ್ಪವಿರಾಮ ಹಾಕಿ ತುರುಕಿದರೆ ಮುಂದೆ ಬಿಡಿಸುವವರ ಶಾಪ ತಟ್ಟುತ್ತದೆ.

ಹಸ್ತಪ್ರತಿ ಪಟ್ಟಿ ಮಾಡುವವರಿಗೆ ಇಲ್ಲೇ ಇನ್ನೊಂದು ವಿನಂತಿ. ಭಾಷೆಯ ಕಾಲಮ್ ಬೇರೆ, ಲಿಪಿಯ ಕಾಲಮ್ ಬೇರೆ ಇರಲಿ. 'ನೇವಾರಿ' ಎಂದು ಪಟ್ಟಿಯಲ್ಲಿ ಬರೆದಿದ್ದರೆ ಲಿಪಿ 'ಪ್ರಚಲಿತ' ಅಥವಾ 'ರಂಜನಾ' ಎಂಬ ನೇವಾರ ಲಿಪಿ, ಭಾಷೆ ಸಂಸ್ಕೃತ ಎಂದಾಗಿರುವುದೇ ಹೆಚ್ಚು. ತಿಗಳಾರಿ ಲಿಪಿಯ ಸಂಸ್ಕೃತ ಓಲೆಯನ್ನು ತುಳು ಗ್ರಂಥ ಎಂದು ಬರೆದಂತೆ ಇದು. ತಿರುಗಾಮುರುಗಾ ತಪ್ಪೂ ಆಗುತ್ತದೆ: ಅಮರಕೋಶದ ಪ್ರತಿ ಎಂದು ಸಂಸ್ಕೃತಕ್ಕೆ ಸೇರಿಸಿದ ಕಟ್ಟಿನಲ್ಲಿ ಪ್ರತಿ ಪದದ ಪಕ್ಕ ನೇವಾರಿ ಅರ್ಥ ಇರುತ್ತದೆ. ಹಿತೋಪದೇಶದ ಪ್ರತಿಯಲ್ಲಿ ಶ್ಲೋಕ ಸಂಸ್ಕೃತದ್ದು, ಕೆಳಗಿನ ಗದ್ಯ ನೇವಾರಿಯದ್ದು. ಮಲ್ಲರ ಆಸ್ಥಾನದ ನಾಟಕಗಳಲ್ಲಿ ಹಾಡು-ಮಾತು ಮೈಥಿಲಿ ಅಥವಾ ಬಂಗಾಳಿ, ರಂಗಸೂಚನೆ ನೇವಾರಿ. ಕೊನೆಯ ಪುಷ್ಪಿಕೆ, ಅಂದರೆ ಲಿಪಿಕಾರನ ಮುಕ್ತಾಯದ ಬರಹ, ಮಾತ್ರ ನೇವಾರಿಯಲ್ಲಿರುವ ಸಂಸ್ಕೃತ ಗ್ರಂಥಗಳಿಗಂತೂ ಲೆಕ್ಕವಿಲ್ಲ. ಆದ್ದರಿಂದ ಭಾಷೆಯ ಕಾಲಮ್ಮಿನಲ್ಲಿ ಒಂದಕ್ಕಿಂತ ಹೆಚ್ಚು ಹೆಸರಿಗೆ ಜಾಗ ಇರಲಿ. ಅಂತಾರಾಷ್ಟ್ರೀಯ ಸಂಕೇತಪಟ್ಟಿಯಲ್ಲಿ ಈಗಿನ ನೇವಾರಿಗೂ ಹಳೆಯ ನೇವಾರಿಗೂ ಬೇರೆ ಬೇರೆ ಸಂಕೇತಗಳಿವೆ, ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ನೇವಾ ಲಿಪಿ 2016ರಲ್ಲೇ ಯೂನಿಕೋಡ್ ಸೇರಿದೆ, ಉಸಿರು ಬೆರೆತ ಮ, ನ, ಲ ಮುಂತಾದವಕ್ಕೆ ಅದರಲ್ಲಿ ಪ್ರತ್ಯೇಕ ಸ್ಥಾನವಿದೆ. ತುಳು-ತಿಗಳಾರಿ ಸೇರಿದ್ದು 2024ರಲ್ಲಿ. ಲಿಪಿ ಇಲ್ಲ ಎಂಬ ನೆಪ ಎರಡಕ್ಕೂ ಉಳಿದಿಲ್ಲ.

ಪುಷ್ಪಿಕೆಯ ತೇದಿಯ ಲೆಕ್ಕ ಕರ್ನಾಟಕದವರಿಗೆ ಸಲೀಸು. ಈ ಹಸ್ತಪ್ರತಿಗಳು ಬಳಸುವ ಕಾಲಗಣನೆಯಾದ ನೇಪಾಳ ಸಂವತ್ತಿನ ಹೊಸ ವರ್ಷ ಕಾರ್ತಿಕ ಶುದ್ಧ ಪಾಡ್ಯ, ನಮ್ಮ ಬಲಿಪಾಡ್ಯಮಿಯ ದಿನ. ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ನಮ್ಮ ಹಾಗೆಯೇ. ಉತ್ತರದ ಪೂರ್ಣಿಮಾಂತ ಪಂಚಾಂಗ ಹಿಡಿದು ಕೂತರೆ ಕೃಷ್ಣಪಕ್ಷದ ತಿಥಿಗಳೆಲ್ಲ ಒಂದು ತಿಂಗಳು ಜಾರುತ್ತವೆ. ವರ್ಷ ಶುರುವಾದಲ್ಲಿಂದ ಡಿಸೆಂಬರ್ ಕೊನೆಯವರೆಗೆ 879 ಕೂಡಿಸಿ, ಜನವರಿಯಿಂದ ಮುಂದಕ್ಕೆ 880. ಸಂವತ್ 700ರ ಕಾರ್ತಿಕ ಶುದ್ಧ ಅಂದರೆ ಕ್ರಿ.ಶ. 1579, ಅದೇ ಸಂವತ್ತಿನ ಜ್ಯೇಷ್ಠ ಅಂದರೆ 1580. ತಿಂಗಳು ಅಳಿಸಿಹೋಗಿದ್ದರೆ 1579-80 ಎಂದೇ ಬರೆಯಿರಿ, ಊಹೆ ಬೇಡ. ಅಂಕಿಯ ಬದಲು ಪದಗಳಲ್ಲಿ ವರ್ಷ ಹೇಳಿದ್ದರೆ ಬಲದಿಂದ ಎಡಕ್ಕೆ ಓದಬೇಕೆಂದು ಶಾಸನ ಓದಿದವರಿಗೆ ಗೊತ್ತೇ ಇದೆ. 'ಚೋಯಾ' ಎಂಬ ಮಾತು ಬಂದರೆ ಅದು ಪ್ರತಿ ಬರೆದ ದಿನ, ಗ್ರಂಥ ರಚನೆಯ ದಿನ ಅಲ್ಲ. ಪಟ್ಟಿಗಳಲ್ಲಿ ಈ ಎರಡನ್ನೂ ಬೆರೆಸಿದ ಉದಾಹರಣೆಗಳು ಬೇಕಾದಷ್ಟಿವೆ.

ಮಿತಿಯ ಮಾತು ಬಾಕಿ ಇತ್ತು. ಯೊರ್ಗೆನ್ಸನ್ನರ ನಿಘಂಟು ಬಹುಪಾಲು ಕಥಾಗದ್ಯದ ಮೇಲೆ ನಿಂತಿದೆ. ರಾಜ, ರಾಣಿ, ವ್ಯಾಪಾರಿ, ಹುಲಿ, ಬೋಧಿಸತ್ವ, ಇವರ ಲೋಕದ ಪದಗಳು ಅದರಲ್ಲಿ ಸಮೃದ್ಧ. ಗದ್ದೆ ಮಾರಿದ, ಅಡವಿಟ್ಟ ತಾಳೆಗರಿ ಪತ್ರಗಳ ಮಾತು, ವೈದ್ಯದ ಮಾತು, ನ್ಯಾಯದ ಮಾತು ಅಲ್ಲಿ ಹುಡುಕಿದರೆ ನಿರಾಸೆ. ಆದರೆ ಭಾಷೆಯ ಅತ್ಯಂತ ಹಳೆಯ ದಾಖಲೆ ಇರುವುದು ಆ ಜಾತಿಯ ಬರಹದಲ್ಲೇ: ಪಾಟನ್ನಿನ ಉಕು ಬಹಾದ, ಅಂದರೆ ರುದ್ರವರ್ಣ ಮಹಾವಿಹಾರದ, ಸಂವತ್ 235ರ ತಾಳೆಗರಿ, ಕ್ರಿ.ಶ. 1114ರ ಸುಮಾರಿನದು. ವೈದ್ಯಗ್ರಂಥ ಹರಮೇಖಲಾದ ನೇವಾರಿ ಪ್ರತಿ 1374ರದು, ನಾರದಸ್ಮೃತಿಯ ಮೇಲಿನ ಟೀಕೆ 1380ರದು, ಅಮರಕೋಶದ ಹಳೆಯ ಪ್ರತಿ 1381ರದು. ಯೊರ್ಗೆನ್ಸನ್ನರ ಪಠ್ಯಗಳು ಇವಕ್ಕಿಂತ ಬಹಳ ಈಚಿನ ಭಾಷೆಯವು. ವಿಹಾರದ ಆ ಮಾರಾಟ-ಅಡಮಾನ ಪತ್ರಗಳನ್ನು ಬೆರ್ನ್‌ಹಾರ್ಡ್ ಕೋಲ್ವರ್ ಮತ್ತು ಹೇಮರಾಜ ಶಾಕ್ಯ 1985ರಲ್ಲಿ ಪ್ರಕಟಿಸಿದರು. ಕಮಲ್ ಪ್ರಕಾಶ್ ಮಲ್ಲ ಅವರ ಮುಂದಾಳತ್ವದಲ್ಲಿ ಕಾಠ್ಮಂಡುವಿನ ವಿದ್ವಾಂಸರೇ ಹಸ್ತಪ್ರತಿಗಳಿಂದ ಕಟ್ಟಿದ ಹಳೆಯ ನೇವಾರಿ ನಿಘಂಟು 2000ದಲ್ಲಿ ಬಂತು. ಹಾಗೆಂದು ಇವನ್ನೆಲ್ಲ ಕಲಸಿ ಒಂದೇ ಮಹಾನಿಘಂಟು ಮಾಡುವ ಉತ್ಸಾಹ ಬೇಡ. ಒಂದೊಂದೂ ತನ್ನ ಮೈಯಲ್ಲೇ ಇರಲಿ, ಪದದಿಂದ ಪದಕ್ಕೆ ಕೊಂಡಿ ಮಾತ್ರ ಹಾಕಿ. ಯೊರ್ಗೆನ್ಸನ್ ತಪ್ಪಿದ್ದರೆ ಆ ತಪ್ಪು ಅವರ ಹೆಸರಿನಲ್ಲೇ ಉಳಿದು, ಪಕ್ಕದಲ್ಲಿ ತಿದ್ದುಪಡಿ ತಿದ್ದಿದವರ ಹೆಸರಿನಲ್ಲಿ ಕಾಣಲಿ.

ಈಗಿನ ಮಾತಿಗೆ ಕೊಂಡಿ ಹಾಕುವಾಗಲೂ ಕಾಗುಣಿತದ ಹೋಲಿಕೆ ನಂಬಬೇಡಿ. ನೀರಿಗೆ ಹಳೆಯ ಗರಿಗಳಲ್ಲಿ 'ಲಂಖ', ಈಗ 'ಲಃ'. ಈಗಿನ ಬರವಣಿಗೆಯಲ್ಲಿ ಆ ವಿಸರ್ಗ ಸ್ವರದ ದೀರ್ಘವನ್ನು ತೋರಿಸುವ ಗುರುತು. ಕಾಠ್ಮಂಡುವಿನ ಪೂರ್ವಕ್ಕಿರುವ ದೋಲಖಾದ ನೇವಾರಿಯಲ್ಲಿ ನೀರು ಇನ್ನೂ 'ಲುಖು', ಅಲ್ಲಿ ಕ್ರಿಯಾಪದ ಪುರುಷಕ್ಕೆ ತಕ್ಕಂತೆ ಬದಲಾಗುತ್ತದೆ. ಕ್ಯಾರಲ್ ಜೆನೆಟ್ಟಿಯವರ 2007ರ ದೋಲಖಾ ನೇವಾರಿ ವ್ಯಾಕರಣ ಪಕ್ಕದಲ್ಲಿಟ್ಟುಕೊಳ್ಳದೆ ಹಳೆಯ ರೂಪಗಳ ಬಗ್ಗೆ ತೀರ್ಪು ಕೊಡುವುದು ಅವಸರವಾದೀತು.

ಇಷ್ಟೆಲ್ಲ ಯಾರಿಗಾಗಿ ಎಂದರೆ ಉತ್ತರ ಕಾಠ್ಮಂಡುವಿನಲ್ಲಿದೆ. 1970ರಿಂದ 2001ರವರೆಗೆ ನೇಪಾಳ-ಜರ್ಮನ್ ಹಸ್ತಪ್ರತಿ ಸಂರಕ್ಷಣಾ ಯೋಜನೆ ಸುಮಾರು 1,80,000 ಹಸ್ತಪ್ರತಿಗಳನ್ನು ಮೈಕ್ರೋಫಿಲ್ಮ್ ಮಾಡಿತು. ಅಲ್ಲಿನ ರಾಷ್ಟ್ರೀಯ ಅಭಿಲೇಖಾಲಯದಲ್ಲೂ, 1987ರಲ್ಲಿ ನೇವಾರರೇ ಕಟ್ಟಿಕೊಂಡ ಆಶಾ ಸಫೂ ಕುಥಿ ಎಂಬ ಗ್ರಂಥಾಲಯದಲ್ಲೂ ಓದದ ಗರಿಗಳ ರಾಶಿ ಇದೆ. ಓದಲು ಕೂರುವ ಹುಡುಗ ಹುಡುಗಿಯರ ಮಾತೃಭಾಷೆಯೇ ಅದಾದರೂ ಹಳೆಯ ರೂಪ ಅರ್ಥವಾಗುವುದಿಲ್ಲ. ಪಂಪನನ್ನು ನಿಘಂಟಿಲ್ಲದೆ ಓದಲು ನಮ್ಮವರೂ ತಿಣುಕುತ್ತಾರೆ. ಅವರಿಗೆ ಬೇಕಾದದ್ದು ಈ ಪದಕ್ಕೆ ಈ ಅರ್ಥ ಎಂದಷ್ಟೇ ಅಲ್ಲ, ಯಾವ ವಾಕ್ಯದಲ್ಲಿ ಎಂಬುದು.

ಕೆಲಸ ಕೈಗೆತ್ತಿಕೊಳ್ಳುವವರು ಹಕ್ಕುಸ್ವಾಮ್ಯದ ಒಪ್ಪಿಗೆ ಮುಗಿಸಿ, ಇಡೀ ಪುಸ್ತಕಕ್ಕೆ ಟೆಂಡರ್ ಕರೆಯುವ ಮುನ್ನ ಇಪ್ಪತ್ತು ಪುಟಗಳ ಮಾದರಿ ಮಾಡಿಸಲಿ. ಧಾತುಗಳು ಹೆಚ್ಚಿರುವ ಪುಟಗಳನ್ನೇ ಆರಿಸಿ. ಆ ಮಾದರಿಯನ್ನು ಕಾಠ್ಮಂಡುವಿನಲ್ಲಿ ಹಸ್ತಪ್ರತಿ ಓದುವ ಇಬ್ಬರಿಗೆ ಸಂಭಾವನೆ ಕೊಟ್ಟು ತೋರಿಸಿ, ಪುಕ್ಕಟೆ ಬೇಡ. ದೀರ್ಘದ ಗೆರೆ, ಅನುಸ್ವಾರದ ಚುಕ್ಕೆ, ಸಂಕೇತಾಕ್ಷರ, ಸ್ಥಳದ ಅಂಕಿ, ಈ ನಾಲ್ಕರಲ್ಲಿ ಯಾವುದೊಂದು ತಪ್ಪಿದರೂ ಅಲ್ಲಿಗೇ ನಿಲ್ಲಿಸಿ, ವಿಧಾನ ಬದಲಿಸಿ, ಅದೇ ಇಪ್ಪತ್ತು ಪುಟಗಳನ್ನು ಮತ್ತೆ ಮಾಡಿಸಿ. ದತ್ತಾಂಶವನ್ನು ಆ್ಯಪಿನೊಳಗೆ ಬೀಗ ಹಾಕಿ ಇಡದೆ, ಯಾರು ಬೇಕಾದರೂ ಇಳಿಸಿಕೊಳ್ಳುವ ಸಾದಾ ಕೋಷ್ಟಕವಾಗಿಯೂ ಕೊಡಿ. ಕೋಷ್ಟಕದ ಮೊದಲ ಸಾಲಿನಲ್ಲಿ ಯೊರ್ಗೆನ್ಸನ್ ಹೆಸರಿನ ಜೊತೆಗೆ ಟೈಪ್ ಮಾಡಿದವರ, ತಿದ್ದಿದವರ ಹೆಸರುಗಳೂ ಇರಲಿ.

ವಂದನೆಗಳೊಂದಿಗೆ,
ಹಸ್ತಪ್ರತಿ ಮತ್ತು ನಿಘಂಟಿನ ಕೆಲಸದಲ್ಲಿರುವ ಕೆಲವರು